ಅಪಘಾತದಲ್ಲಿ ಜಖಂ ಆದ ಕಾರನ್ನು ನಗದಿಗೆ ಮಾರುವುದು ಹೇಗೆ? ಮೊದಲ ಫೋಟೊದಿಂದ ಹೆಸರು ಬದಲಾವಣೆಯವರೆಗೆ

ಜಖಂ ಆದ ಕಾರನ್ನು ಕೊಳ್ಳಲು ಬರುವವನು ಕಣ್ಣಿಗೆ ಕಾಣುವ ಪೆಟ್ಟಿಗೆ ಒಂದು ಲೆಕ್ಕ ಹಾಕುತ್ತಾನೆ, ಕಾಣದ ಪೆಟ್ಟಿಗೆ ಇನ್ನೊಂದು. ಒಡೆದ ಬಂಪರ್, ಮಡಚಿಕೊಂಡ ಬಾನೆಟ್ ಎಷ್ಟಕ್ಕೆ ಸಿಗುತ್ತವೆ ಎಂಬುದು ಅವನಿಗೆ ಬಾಯಿಪಾಠ. ಆದರೆ ಚಾಸಿ (ಕಾರಿನ ಚೌಕಟ್ಟು) ಬಾಗಿದೆಯೋ, ಗೇರ್‌ಬಾಕ್ಸ್ ಬಿರುಕು ಬಿಟ್ಟಿದೆಯೋ, ಕಾಗದಪತ್ರ ನೆಟ್ಟಗಿದೆಯೋ ಗೊತ್ತಾಗದಿದ್ದರೆ, ಕೆಟ್ಟದ್ದನ್ನೇ ಊಹಿಸಿ ಅಷ್ಟನ್ನೂ ನಿಮ್ಮ ಬೆಲೆಯಿಂದ ಕಳೆಯುತ್ತಾನೆ. ಈ ಎರಡನೇ ಲೆಕ್ಕವನ್ನು ಚಿಕ್ಕದು ಮಾಡುವುದೇ ಮಾರುವವರ ಕೆಲಸ. ಕೆಳಗಿನ ಹಂತಗಳೆಲ್ಲ ಅದಕ್ಕೇ.

1. ಮಾರುವ ಹಕ್ಕು ನಿಮಗಿದೆಯೇ, ಮೊದಲು ನೋಡಿ

ವಿಮೆ ಕ್ಲೇಮ್ ಮಾಡುವುದಿದ್ದರೆ ಸರ್ವೇಯರ್ (ಜಖಂ ಅಂದಾಜು ಮಾಡುವವರು) ಬಂದು ನೋಡಿ ಹೋಗುವವರೆಗೆ ಕಾರಿನ ಒಂದು ಭಾಗವನ್ನೂ ಬಿಚ್ಚಬೇಡಿ, ಯಾರಿಂದಲೂ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಪರಿಶೀಲನೆಗೆ ಮೊದಲೇ ಗಾಡಿ ಕೈಬಿಟ್ಟರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಕ್ಕಂತೆ. ಕಂಪನಿ ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ) ಎಂದು ತೀರ್ಮಾನಿಸಿ ಪೂರ್ತಿ ಹಣ ಕೊಟ್ಟರೆ ಸಾಮಾನ್ಯವಾಗಿ ಆ ಕಾರಿನ ಅವಶೇಷ ಕಂಪನಿಗೇ ಸೇರುತ್ತದೆ. ಅದನ್ನು ನೀವೇ ಇಟ್ಟುಕೊಂಡು ಮಾರುವ ಅವಕಾಶವೂ ಹಲವೆಡೆ ಉಂಟು. ಆಗ ಅವಶೇಷದ ಬೆಲೆ ಎಂದು ಒಂದು ಮೊತ್ತ ಕಳೆದು ಉಳಿದದ್ದನ್ನು ಕೊಡುತ್ತಾರೆ.

ಈ ಎರಡೂ ಮೊತ್ತಗಳನ್ನು ಬರಹದಲ್ಲಿ ಪಡೆಯಿರಿ. ಪೂರ್ತಿ ಪರಿಹಾರ 100, ಕಾರು ಇಟ್ಟುಕೊಂಡರೆ 72 ಎಂದಿಟ್ಟುಕೊಳ್ಳಿ. ಟೋಯಿಂಗ್, ನಿಲುಗಡೆ ಬಾಡಿಗೆ ಎಲ್ಲ ಕಳೆದು 28ಕ್ಕಿಂತ ಹೆಚ್ಚಿಗೆ ಮಾರಬಲ್ಲಿರಾದರೆ ಮಾತ್ರ ಇಟ್ಟುಕೊಂಡದ್ದಕ್ಕೆ ಅರ್ಥ. ಒಬ್ಬ ಖರೀದಿದಾರನಿಂದಾದರೂ ಬೆಲೆ ಕೇಳದೆ ಈ ತೀರ್ಮಾನಕ್ಕೆ ಸಹಿ ಹಾಕಬೇಡಿ.

ಸಾಲ ಬಾಕಿ ಇದ್ದರೆ ಕಾರಿನ ಮೇಲೆ ಬ್ಯಾಂಕಿನ ಹಕ್ಕಿರುತ್ತದೆ. ಹಾಗೆಂದು ಮಾರಲೇ ಆಗದು ಎಂದಲ್ಲ. ಇಂತಿಂಥ ದಿನಕ್ಕೆ ಇಷ್ಟು ಬಾಕಿ ಎಂಬ ಪತ್ರ ತರಿಸಿ, ಖರೀದಿದಾರ ಅಷ್ಟನ್ನು ನೇರ ಬ್ಯಾಂಕಿಗೆ ಕಟ್ಟಿ ಉಳಿದದ್ದನ್ನು ನಿಮಗೆ ಕೊಡುವಂತೆ ಮಾತಾಡಿಕೊಳ್ಳಬಹುದು. ಬಾಕಿಯೇ ಕಾರಿನ ಬೆಲೆಗಿಂತ ಹೆಚ್ಚಿದ್ದರೆ ವ್ಯತ್ಯಾಸ ನಿಮ್ಮ ಕೈಯಿಂದಲೇ ಹೋಗಬೇಕು. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿ ಪೊಲೀಸ್ ಕೇಸ್ ಆಗಿದ್ದರೆ ಕಾರು ಸಾಕ್ಷ್ಯವೂ ಹೌದು. ಬಿಡುಗಡೆ ಆದೇಶ ಕೈಗೆ ಬಂದಮೇಲೆಯೇ ಮುಂದಿನ ಮಾತು.

2. ಜಖಂ ಇನ್ನಷ್ಟು ಹೆಚ್ಚದಂತೆ ನಿಲ್ಲಿಸಿ

ಕಾರು ಗ್ಯಾರೇಜಿನಲ್ಲೋ ಟೋಯಿಂಗ್ ಯಾರ್ಡಿನಲ್ಲೋ ಇದ್ದರೆ ದಿನಬಾಡಿಗೆ ಏರುತ್ತಿರುತ್ತದೆ. ದಿನಕ್ಕೆ ಎಷ್ಟು, ಯಾವಾಗಿನಿಂದ, ಹೊರಗೆ ತೆಗೆಯಲು ಬೇರೆ ಶುಲ್ಕವುಂಟೇ ಎಂದು ಮೊದಲ ದಿನವೇ ಕೇಳಿ. ಎರಡು ವಾರ ಬಿಟ್ಟು ಹೋದವರಿಗೆ ಮೂಗಿಗಿಂತ ಮೂಗುತಿ ಭಾರವಾಗಿರುತ್ತದೆ.

10 ಮಿ.ಮೀ. ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ (ಬಹುತೇಕ ಕಾರುಗಳಿಗೆ ಇದೇ ಅಳತೆ). ಜಜ್ಜಿದ ವೈರಿಂಗಿನಿಂದ ಶಾರ್ಟ್ ಆಗುವುದೂ ತಪ್ಪುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಅದಕ್ಕೆ ಮೊದಲು ಕಿಟಕಿ ಗಾಜು ಏರಿಸಿ. ಒಡೆದ ಗಾಜಿನ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಕಟ್ಟಿ. ಟೇಪನ್ನು ಪೇಂಟಿನ ಮೇಲೆ ಅಂಟಿಸಬೇಡಿ, ಕೀಳುವಾಗ ಪೇಂಟ್ ಎದ್ದು ಬರಬಹುದು. ಪ್ಲಾಸ್ಟಿಕ್ಕಿನ ಅಂಚನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿದರೆ ಸಾಕು. ಒಂದೇ ಮಳೆಗೆ ಕಾರ್ಪೆಟ್ ನೆನೆದು ಬೂಷ್ಟು ಬರುತ್ತದೆ. ಕೆಲವು ಕಾರುಗಳಲ್ಲಿ ಕಂಟ್ರೋಲ್ ಯೂನಿಟ್‌ಗಳು ಸೀಟಿನ ಕೆಳಗೇ ಇರುವುದರಿಂದ, ಮುಂದೆ ಮಾತ್ರ ಪೆಟ್ಟು ತಿಂದ ಕಾರು ನೀರು ನುಗ್ಗಿದ ಕಾರಿನ ಬೆಲೆಗೆ ಇಳಿಯುತ್ತದೆ.

ಮುಂಭಾಗಕ್ಕೆ ಪೆಟ್ಟಾಗಿದ್ದರೆ ರೇಡಿಯೇಟರ್ ಮತ್ತು ಆಯಿಲ್ ಸಂಪ್ (ಎಂಜಿನ್ ಅಡಿಯ ಎಣ್ಣೆ ತಟ್ಟೆ) ನೋಡದೆ ಸ್ಟಾರ್ಟ್ ಮಾಡಬೇಡಿ. ನೆಲದ ಮೇಲೆ ಹಸಿರೋ ಗುಲಾಬಿಯೋ ಬಣ್ಣದ ನೀರು ಬಿದ್ದಿದ್ದರೆ ಅದು ಕೂಲಂಟ್, ಎಂಜಿನ್ ತಂಪಾಗಿಡುವ ದ್ರವ. ಕೂಲಂಟ್ ಇಲ್ಲದೆ ಕೆಲವೇ ನಿಮಿಷ ಓಡಿದರೂ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗಬಹುದು. ‘ಎಂಜಿನ್ ಚೆನ್ನಾಗಿದೆ’ ಎಂದು ತೋರಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವ ದಾರಿ ಇದು.

ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಆದ್ದರಿಂದ ಬಯಲಿನಲ್ಲಿ, ಕಟ್ಟಡಗಳಿಂದಲೂ ಬೇರೆ ವಾಹನಗಳಿಂದಲೂ 15 ಮೀಟರಿನಷ್ಟು ದೂರ ನಿಲ್ಲಿಸುವುದು ಒಳ್ಳೆಯದು.

3. ಪೆಟ್ಟು ಎಲ್ಲಿಯವರೆಗೆ ಹೋಗಿದೆ?

ಇಲ್ಲಿ ಕಳೆದ ಒಂದು ತಾಸು ಆಮೇಲಿನ ಚೌಕಾಸಿಗಿಂತ ಹೆಚ್ಚು ದುಡ್ಡು ತರುತ್ತದೆ. ಬೇಕಾದದ್ದು ಟಾರ್ಚ್, ಅಳತೆ ಟೇಪು, ಒಂದು ಚೀಟಿ, ಪೆನ್ನು.

ಜಖಂ ಆದ ಭಾಗಗಳನ್ನು ಬೋಲ್ಟ್ ಹಾಕಿದವು, ವೆಲ್ಡ್ ಮಾಡಿದವು ಎಂದು ಎರಡಾಗಿ ಬರೆದುಕೊಳ್ಳಿ. ಬಾನೆಟ್, ಮುಂದಿನ ಫೆಂಡರ್, ಬಾಗಿಲು, ಬಂಪರ್, ಡಿಕ್ಕಿ ಮುಚ್ಚಳ ಸಾಮಾನ್ಯವಾಗಿ ಬೋಲ್ಟಿನವು. ಬಿಚ್ಚಿ ಬೇರೆ ಕೂರಿಸಿದರೆ ಮುಗಿಯಿತು. ಹಿಂಚಕ್ರದ ಮೇಲಿನ ಪ್ಯಾನೆಲ್, ಛಾವಣಿ, ಪಿಲ್ಲರ್ (ಛಾವಣಿ ಹೊತ್ತ ಕಂಬ), ಫ್ಲೋರ್, ಬಾಗಿಲ ಕೆಳಗಿನ ಸಿಲ್ ಇವು ವೆಲ್ಡಿನವು. ಅವನ್ನು ಕತ್ತರಿಸಿ ಕೂಡಿಸಬೇಕು. ಇಂದಿನ ಕಾರುಗಳ ಪಿಲ್ಲರ್‌ಗಳಲ್ಲಿ ಅತಿಗಟ್ಟಿ ಬೋರಾನ್ ಉಕ್ಕು ಬಳಸುತ್ತಾರೆ. ಕಾಯಿಸಿ ನೆಟ್ಟಗೆ ಮಾಡಿದರೆ ಅದರ ಬಲವೇ ಹೋಗುತ್ತದೆ. ಹಾಗಾಗಿ ನೋಡಲು ಭಯಂಕರವಾಗಿ ನುಗ್ಗಾದ ಮುಂಭಾಗಕ್ಕಿಂತ ಸಣ್ಣಗೆ ಒಳಸರಿದ ಪಿಲ್ಲರ್ ದುಬಾರಿ ಆಗಬಹುದು.

ಚಾಸಿಯನ್ನು ಹೀಗೆ ನೋಡಿ. ಸ್ಟಿಯರಿಂಗ್ ನೆಟ್ಟಗೆ ಇಟ್ಟು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಪಕ್ಕ ಅಳೆಯಿರಿ. ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಸ್ಪೆನ್ಷನ್ ಅಥವಾ ಅದನ್ನು ಹಿಡಿದಿರುವ ಸಬ್‌ಫ್ರೇಮ್ ಸರಿದಿರುವ ಸಾಧ್ಯತೆ ಇದೆ. ಬಾನೆಟ್ ತೆರೆದು, ಎಡಗಡೆ ಸ್ಟ್ರಟ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕಂಬ) ಮೇಲಿನ ಬೋಲ್ಟಿನಿಂದ ಬಲಗಡೆ ಮುಂತುದಿಯ ಬೋಲ್ಟಿಗೆ ಕರ್ಣವಾಗಿ ಅಳೆಯಿರಿ, ಆಮೇಲೆ ತಿರುಗಾಮುರುಗಾ. ಎರಡು ಕರ್ಣಗಳಿಗೆ 3 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಬೆಂಚಿಗೆ (ಚಾಸಿ ನೆಟ್ಟಗೆ ಮಾಡುವ ಕಬ್ಬಿಣದ ಚೌಕಟ್ಟಿಗೆ) ಹಾಕಿ ಎಳೆಯಬೇಕಾದ ಕೆಲಸ ಎಂದು ತಿಳಿದವನು ಊಹಿಸುತ್ತಾನೆ. ಮುಂದಿನ ಚಾಸಿ ರೈಲುಗಳ (ಎಂಜಿನ್ನಿನ ಎರಡೂ ಪಕ್ಕದ ಉಕ್ಕಿನ ತೊಲೆಗಳ) ಮೇಲೆ ಬೆರಳಾಡಿಸಿ ನೋಡಿ. ತಗಡು ಅಲೆ ಅಲೆಯಾಗಿ ಸುಕ್ಕುಗಟ್ಟಿದ್ದರೆ, ಸೀಲಂಟ್ ಬಿರುಕು ಬಿಟ್ಟಿದ್ದರೆ ಪೆಟ್ಟು ಅಲ್ಲಿಯವರೆಗೆ ಬಂದಿದೆ. ನಾಲ್ಕೂ ಬಾಗಿಲು ತೆಗೆದು ಹಾಕಿ. ಪೆಟ್ಟು ಬೀಳದ ಬಾಗಿಲೂ ಉಜ್ಜುತ್ತಿದ್ದರೆ ಇಡೀ ಗೂಡೇ ತಿರುಚಿದೆ.

ಏರ್‌ಬ್ಯಾಗ್ ಎಷ್ಟು ತೆರೆದಿವೆ ಎಂದು ಎಣಿಸಿ. ಪ್ರಯಾಣಿಕರ ಕಡೆಯದು ತೆರೆದರೆ ಡ್ಯಾಶ್‌ಬೋರ್ಡ್ ಹರಿಯುತ್ತದೆ, ಎಷ್ಟೋ ಸಲ ಮುಂದಿನ ಗಾಜನ್ನೂ ಸೀಳುತ್ತದೆ. ಜೊತೆಗೆ ಕಂಟ್ರೋಲ್ ಮಾಡ್ಯೂಲ್, ಸೆನ್ಸರ್, ಸೀಟ್‌ಬೆಲ್ಟುಗಳ ಖರ್ಚು. ಬೆಲ್ಟಿನದನ್ನು ಬಹಳ ಜನ ಗಮನಿಸುವುದೇ ಇಲ್ಲ. ಚಾಲಕನ ಬೆಲ್ಟನ್ನು ಮೆಲ್ಲಗೆ ಎಳೆಯಿರಿ. ಹೊರಗೆ ಬಂದದ್ದು ಒಳಗೆ ಹೋಗದೆ ಜೋತುಬಿದ್ದರೆ, ಇಲ್ಲವೇ ಎಳೆದರೂ ಅಲ್ಲಾಡದೆ ಕಚ್ಚಿಕೊಂಡಿದ್ದರೆ ಒಳಗಿನ ಪ್ರಿಟೆನ್ಷನರ್ (ಪೆಟ್ಟಿನ ಹೊತ್ತಿಗೆ ಬೆಲ್ಟನ್ನು ಬಿಗಿಯುವ ಸಾಧನ) ಸಿಡಿದಿರಬಹುದು. ಇನ್ನು ಬಕಲ್ ನೋಡಿ. ಪಕ್ಕದ ಸೀಟಿನ ಬಕಲ್‌ಗಿಂತ ಇದರ ಕಾಂಡ ಗಿಡ್ಡವಾಗಿ, ಮಡಿಕೆ ಬಿದ್ದು ಸೀಟಿಗೆ ಒತ್ತಿಕೊಂಡಿದ್ದರೆ ಅದೂ ಸಿಡಿದಂತೆಯೇ. ಒಮ್ಮೆ ಸಿಡಿದದ್ದು ಮತ್ತೆ ಕೆಲಸಕ್ಕೆ ಬಾರದು.

ಕಾರು ಸುರಕ್ಷಿತವಾಗಿ ಆನ್ ಆಗುವಂತಿದ್ದರೆ ಮೆಕ್ಯಾನಿಕ್ ಕರೆಸಿ, ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ. ಅದು ತೋರಿಸುವ ದೋಷದ ಕೋಡ್‌ಗಳನ್ನು ಅಳಿಸಲು ಬಿಡಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿದ ಕಾರು ಅನುಮಾನ ಹುಟ್ಟಿಸುತ್ತದೆ, ಕೋಡ್ ತೋರಿಸುವ ಕಾರು ನಂಬಿಕೆ.

4. ರಿಪೇರಿ ಮಾಡಿಸಿ ಮಾರಲೇ?

ಬೇಡ. ಕೊಳ್ಳುವವನಿಗೆ ಟಿಂಕರಿಂಗ್, ಪೇಂಟಿಂಗ್ ನಿಮಗಿಂತ ಅಗ್ಗಕ್ಕೆ ಆಗುತ್ತದೆ. ನೀವು ಪುಟ್ಟಿ ಮೆತ್ತಿ ಮುಚ್ಚಿದ ಜಾಗ ಅವನ ಕಣ್ಣಿಗೆ ‘ಇಲ್ಲೇನೋ ಮುಚ್ಚಿಟ್ಟಿದ್ದಾರೆ’ ಎಂದೇ ಕಾಣುತ್ತದೆ. ಖರ್ಚು ಮಾಡಲೇಬೇಕಿದ್ದರೆ ಬ್ಯಾಟರಿ ಚಾರ್ಜ್, ಚಕ್ರಗಳಿಗೆ ಗಾಳಿ, ಒಳಗಿನ ಗಾಜಿನ ಚೂರಿಗೆ ವ್ಯಾಕ್ಯೂಮ್, ಇಷ್ಟೇ. ಸ್ಟಾರ್ಟ್ ಆಗುವ ಕಾರಿಗೂ ಆಗದ ಕಾರಿಗೂ, ಉರುಳುವ ಕಾರಿಗೂ ಎಳೆದುಕೊಂಡು ಹೋಗಬೇಕಾದ ಕಾರಿಗೂ ಬೆಲೆ ಬೇರೆ. ಕಳಚಿ ಬಿದ್ದ ಹೆಡ್‌ಲೈಟ್, ಗ್ರಿಲ್, ಮಿರರ್ ಚೂರುಗಳನ್ನೂ ಎಸೆಯದೆ ಡಿಕ್ಕಿಯಲ್ಲಿಡಿ. ಒಂದೊಂದು ಕ್ಲಿಪ್ಪಿಗೂ ಬ್ರಾಕೆಟ್ಟಿಗೂ ಗಿರಾಕಿ ಇದ್ದಾರೆ.

5. ಬೆಲೆ ಕಟ್ಟುವ ಲೆಕ್ಕ

‘ಪೆಟ್ಟಾಗುವ ಮೊದಲು 100 ಬಾಳುತ್ತಿತ್ತು, ರಿಪೇರಿಗೆ 40 ಬೇಕು, ಹಾಗಾದರೆ 60 ಕೊಡಲಿ’ ಎಂದು ಮಾರುವವರು ಲೆಕ್ಕ ಹಾಕುತ್ತಾರೆ. ಕೊಳ್ಳುವವನ ಲೆಕ್ಕ ಬೇರೆ. ರಿಪೇರಿಯಾದ ಆಕ್ಸಿಡೆಂಟ್ ಗಾಡಿ ಮುಂದೆ 100ಕ್ಕೆ ಹೋಗುವುದಿಲ್ಲ, 80 ಎನ್ನಿ. ಅದರಲ್ಲಿ ರಿಪೇರಿ 40, ಕಾಣದ ಜಖಂಗೆ 10, ಸಾಗಣೆ ಮತ್ತು ಕಾಗದಪತ್ರಕ್ಕೆ 3, ಲಾಭ 12. ಉಳಿದದ್ದು 15. ಅಂಕಿಗಳು ಉದಾಹರಣೆಗಷ್ಟೆ, ಆದರೆ ಕ್ರಮ ಇದೇ. 60 ಕೇಳಿದವರಿಗೆ 15 ಅಂದರೆ ಅವಮಾನ ಅನ್ನಿಸುತ್ತದೆ, ವ್ಯಾಪಾರಿಗೆ ಅದು ಕೂಡಿಸಿ ಕಳೆದ ಲೆಕ್ಕ. ಈ ಸಾಲಿನಲ್ಲಿ ನಿಮ್ಮ ಕೈಯಲ್ಲಿರುವುದು ಆ 10. ಚಾಸಿಯ ಅಳತೆ, ಸ್ಕ್ಯಾನ್ ಕೋಡ್, ಗ್ಯಾರೇಜಿನ ಬರಹದ ಅಂದಾಜು ಮುಂದಿಟ್ಟರೆ ಅದು 4ಕ್ಕೆ ಇಳಿಯಬಹುದು, ನಿಮ್ಮ 15 ಆಗ 21.

ಇದಕ್ಕಿಂತ ಕೆಳಗೆ ಹೋಗಬಾರದ ತಳವೂ ಒಂದಿದೆ. ಕಾರಿನ ತೂಕ ನೋಂದಣಿ ಪತ್ರದಲ್ಲೋ ಕೈಪಿಡಿಯಲ್ಲೋ ಇರುತ್ತದೆ, ಸಣ್ಣ ಮತ್ತು ಮಧ್ಯಮ ಕಾರಿಗೆ ಸುಮಾರು 900ರಿಂದ 1,400 ಕೆ.ಜಿ. ಅದನ್ನು ಆ ದಿನದ ಗುಜರಿ ಕಬ್ಬಿಣದ ಕೆ.ಜಿ. ದರದಿಂದ ಗುಣಿಸಿ, ಟೈರು, ಗಾಜು, ಪ್ಲಾಸ್ಟಿಕ್ಕಿನ ಬಾಬ್ತು ಮೂರನೇ ಒಂದು ಭಾಗ ಕಳೆಯಿರಿ. ಅದರ ಮೇಲೆ ಬ್ಯಾಟರಿ, ಅಲಾಯ್ ಚಕ್ರ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಕೊಳವೆಯ ಹೊಗೆ ಶುದ್ಧಿ ಮಾಡುವ ಡಬ್ಬಿ) ಇವುಗಳ ಬೆಲೆ ಬೇರೆಯಾಗಿ ಸೇರಿಸಿ. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ. ‘ಕಬ್ಬಿಣದ ತೂಕಕ್ಕೆ’ ಎನ್ನುವವನು ಅದರ ಮಾತೇ ಎತ್ತುವುದಿಲ್ಲ.

ಯಾರಿಗೆ ಮಾರಬೇಕು ಎಂಬುದು ಪೆಟ್ಟು ಬಿದ್ದ ಜಾಗದ ಮೇಲೆ ನಿಂತಿದೆ. ಬೋಲ್ಟಿನ ಭಾಗಗಳಷ್ಟೇ ಹೋಗಿ ಏರ್‌ಬ್ಯಾಗ್ ತೆರೆಯದಿದ್ದರೆ ರಿಪೇರಿ ಮಾಡಿ ಮಾರುವವರಿಂದ ಒಳ್ಳೆ ಬೆಲೆ ಬರುತ್ತದೆ. ಮುಂಭಾಗ ಪೂರ್ತಿ ಹೋಗಿ ಹಿಂಭಾಗ ಚೆನ್ನಾಗಿದ್ದರೆ ಬಿಡಿಭಾಗ ಬಿಚ್ಚಿ ಮಾರುವವರನ್ನು ಹಿಡಿಯಿರಿ, ಅವರಿಗೆ ಬಾಗಿಲು, ಸೀಟು, ಟೇಲ್‌ಲೈಟು, ಹಿಂದಿನ ಆಕ್ಸಲ್ ಎಲ್ಲ ಬೇಕು. ಕಾರಿನ ಗೂಡೇ ತಿರುಚಿ, ಮಾಡೆಲ್ಲೂ ಹಳೆಯದಾದರೆ ಗುಜರಿಯೇ ಗತಿ. ಯಾವ ಗುಂಪಿನವರಾದರೂ ಮೂವರಿಂದಾದರೂ ಬೆಲೆ ಕೇಳಿ.

6. ಫೋಟೊ ಮತ್ತು ವಿವರಣೆ

ಹಗಲಿನ ಬೆಳಕಿನಲ್ಲಿ, ನೆರಳಿಲ್ಲದ ಜಾಗದಲ್ಲಿ ತೆಗೆಯಿರಿ. ನಾಲ್ಕು ಮೂಲೆಯಿಂದ ನಾಲ್ಕು, ಪೆಟ್ಟು ಬಿದ್ದ ಜಾಗದ್ದು ಹತ್ತಿರದಿಂದ ಮೂರು, ದೂರದಿಂದ ಒಂದು, ಬಾನೆಟ್ ಒಳಗೆ ಎರಡು, ಡ್ಯಾಶ್‌ಬೋರ್ಡ್, ಕಿ.ಮೀ. ಮೀಟರ್, ಸೀಟು, ನಾಲ್ಕು ಚಕ್ರ, ಕಾರಿನ ಅಡಿಭಾಗ. ಪೆಟ್ಟಿನ ಕಡೆಯ ಫೋಟೊ ಮೊದಲಿರಲಿ. ಚೆನ್ನಾಗಿರುವ ಪಕ್ಕವನ್ನು ಮುಂದೆ ಹಾಕಿದರೆ ಬಂದವನು ನೋಡಿ ಮುಖ ಸಿಂಡರಿಸಿ ಹೋಗುತ್ತಾನೆ, ನಿಮ್ಮ ಅರ್ಧ ದಿನವೂ ಹೋಯಿತು.

ಚಾಸಿ ನಂಬರ್ ಮತ್ತು ನೋಂದಣಿ ಫಲಕವನ್ನು ಜಾಹೀರಾತಿನಲ್ಲಿ ಮಸುಕು ಮಾಡಿ. 17 ಅಕ್ಷರ-ಅಂಕಿಗಳ ಆ ಗುರುತನ್ನು (ಅದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಎಂದೂ ಬರುವುದಿಲ್ಲ) ಕದ್ದ ಕಾರಿಗೆ ತೊಡಿಸಿ ಓಡಿಸುವ ದಂಧೆ ಇದೆ. ಜಖಂ ಕಾರಿನ ನಂಬರೆಂದರೆ ಅವರಿಗೆ ಬಲು ಪ್ರೀತಿ. ಇತಿಹಾಸ ಪರಿಶೀಲಿಸಬೇಕು ಎನ್ನುವ ನಿಜವಾದ ಖರೀದಿದಾರನಿಗೆ, ಅವನ ಗುರುತು ತಿಳಿದುಕೊಂಡಮೇಲೆ ಕೊಡಿ.

ವಿವರಣೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇರಬಾರದು. ಹೀಗಿರಲಿ:

‘ಪೆಟ್ರೋಲ್, ಮ್ಯಾನುಯಲ್, 68,000 ಕಿ.ಮೀ. ಮುಂದೆ ಎಡಮೂಲೆಗೆ ಪೆಟ್ಟು. ಬಾನೆಟ್, ಎಡ ಫೆಂಡರ್, ಎಡ ಹೆಡ್‌ಲೈಟ್, ರೇಡಿಯೇಟರ್ ಹೋಗಿವೆ. ಚಾಲಕನ ಏರ್‌ಬ್ಯಾಗ್ ಮತ್ತು ಬೆಲ್ಟ್ ಸಿಡಿದಿವೆ, ಉಳಿದವು ಸರಿ ಇವೆ. ಸ್ಟ್ರಟ್ ಕರ್ಣದ ವ್ಯತ್ಯಾಸ 2 ಮಿ.ಮೀ. ಕೂಲಂಟ್ ಇಲ್ಲದ್ದರಿಂದ ಅಪಘಾತದ ನಂತರ ಸ್ಟಾರ್ಟ್ ಮಾಡಿಲ್ಲ. ಚಕ್ರ ಉರುಳುತ್ತವೆ. ಸಾಲ ಇಲ್ಲ. ಎರಡೂ ಕೀ ಇವೆ. ಇದ್ದ ಸ್ಥಿತಿಯಲ್ಲಿ ಮಾರಾಟ.’

ಗೊತ್ತಿದ್ದೂ ಮುಚ್ಚಿಟ್ಟದ್ದು ಆಮೇಲೆ ವಂಚನೆಯ ದೂರಾಗಿ ತಿರುಗಿ ಬರಬಹುದು. ನೀರು ನುಗ್ಗಿದ್ದು, ಹಿಂದೊಮ್ಮೆ ಪೆಟ್ಟಾದದ್ದು, ವಿಮಾ ಕಂಪನಿ ಟೋಟಲ್ ಲಾಸ್ ಎಂದದ್ದು, ಈ ಮೂರನ್ನು ಹೇಳಲೇಬೇಕು.

7. ಫೋನಿನ ಬೆಲೆ, ಬಾಗಿಲಿನ ಬೆಲೆ

ಈ ವ್ಯಾಪಾರದ ಅತಿ ಹಳೆಯ ಆಟ ಇದು. ಫೋನಿನಲ್ಲಿ ಎಲ್ಲರಿಗಿಂತ ಹೆಚ್ಚು ಹೇಳುತ್ತಾರೆ. ನೀವು ಉಳಿದವರಿಗೆಲ್ಲ ಬೇಡ ಎಂದಿರುತ್ತೀರಿ. ಟೋಯಿಂಗ್ ಗಾಡಿ ಬಂದು ಹುಕ್ಕು ಹಾಕಿದಮೇಲೆ ಡ್ರೈವರ್ ಯಾರಿಗೋ ಫೋನ್ ಮಾಡಿ, ನಿಮ್ಮ ಕಡೆ ತಿರುಗಿ, ‘ಸರ್, ಏರ್‌ಬ್ಯಾಗ್ ಹೋಗಿದೆಯಲ್ಲ, ನಮ್ಮ ಓನರ್ ಇಷ್ಟು ಕಮ್ಮಿ ಮಾಡಿ ಅಂತಿದಾರೆ’ ಎನ್ನುತ್ತಾನೆ. ಗಾಡಿ ಅರ್ಧ ಏರಿರುವಾಗ ಬೇಡ ಎನ್ನಲು ಎಲ್ಲರಿಗೂ ಸಂಕೋಚ. ಅದರ ಮೇಲೇ ಈ ಆಟ ನಿಂತಿದೆ.

ತಡೆಯುವುದು ಸುಲಭ. ಮೇಲಿನ ವಿವರಣೆಯನ್ನೂ ಫೋಟೊಗಳನ್ನೂ ಸಂದೇಶದಲ್ಲಿ ಕಳಿಸಿ, ‘ಈ ಸ್ಥಿತಿಗೆ ಅಂತಿಮ ಬೆಲೆ ಎಷ್ಟು, ಟೋಯಿಂಗ್ ಯಾರದ್ದು, ಏನೇನಕ್ಕೆ ಕಡಿತ ಮಾಡುತ್ತೀರಿ, ಹಣ ಯಾವಾಗ’ ಎಂದು ಕೇಳಿ ಉತ್ತರ ಬರಹದಲ್ಲೇ ಪಡೆಯಿರಿ. ಬಾಗಿಲಲ್ಲಿ ಹೊಸ ರಾಗ ತೆಗೆದರೆ ಆ ಸಂದೇಶ ತೋರಿಸಿ, ‘ಏರ್‌ಬ್ಯಾಗ್ ವಿಷಯ ಬರೆದಿದ್ದೆನಲ್ಲ ಸರ್, ಈ ಬೆಲೆಗೆ ಆಗದಿದ್ದರೆ ಇಳಿಸಿಬಿಡಿ’ ಎನ್ನಿ. ಎರಡನೇ ಸ್ಥಾನದಲ್ಲಿದ್ದವರಿಗೆ ಕಾರು ಹೋಗುವವರೆಗೆ ಇಲ್ಲ ಎನ್ನಬೇಡಿ. ಹಣ ಕೈಸೇರುವ ತನಕ ಹುಕ್ಕು ಹಾಕಲು ಬಿಡದಿರುವುದು ಇನ್ನೂ ಒಳ್ಳೆಯದು.

8. ಕೊಡುವ ದಿನ

ಹಿಂದಿನ ರಾತ್ರಿಯೇ ಕಾರು ಖಾಲಿ ಮಾಡಿ. ಸೀಟಿನ ಅಡಿ, ಸ್ಟೆಪ್ನಿ ಗುಂಡಿ, ಸನ್‌ವೈಸರ್, ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್, ಟೋಲ್ ಟ್ಯಾಗ್, ಗೇಟಿನ ರಿಮೋಟ್. ಮ್ಯೂಸಿಕ್ ಸಿಸ್ಟಮ್ಮನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಫೋನ್ ನಂಬರುಗಳು, ಮನೆಯ ವಿಳಾಸ ಎಲ್ಲ ಅದರೊಡನೆ ಹೋಗುತ್ತವೆ. ಕಾರಿನ ಆ್ಯಪ್ ಇದ್ದರೆ ಅದರಿಂದಲೂ ಕಾರನ್ನು ತೆಗೆದುಹಾಕಿ. ಮಗುವಿನ ಸೀಟು ಆ ಅಪಘಾತದ ಹೊತ್ತಿಗೆ ಕಾರಿನಲ್ಲಿದ್ದಿದ್ದರೆ ಅದನ್ನು ಯಾರಿಗೂ ದಾನ ಮಾಡಬೇಡಿ. ಕಣ್ಣಿಗೆ ಕಾಣದ ಬಿರುಕು ಇರಬಹುದು.

ಆಟೊಮ್ಯಾಟಿಕ್, ನಾಲ್ಕು ಚಕ್ರ ಚಾಲನೆಯ, ಎಲೆಕ್ಟ್ರಿಕ್ ಕಾರುಗಳನ್ನು ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಹೊತ್ತೊಯ್ಯುವ ಚಪ್ಪಟೆ ಲಾರಿ) ಮೇಲೆಯೇ ಸಾಗಿಸಬೇಕು ಎಂದು ಮೊದಲೇ ಹೇಳಿ. ಚಾಲನೆಯ ಚಕ್ರ ನೆಲಕ್ಕೆ ತಾಗುವಂತೆ ಎಳೆದರೆ ಗೇರ್‌ಬಾಕ್ಸ್ ಸುಡಬಹುದು.

ನಗದು ತೆಗೆದುಕೊಳ್ಳಲು ಒಳ್ಳೆಯ ಜಾಗ ಬ್ಯಾಂಕ್. ಕೌಂಟರಿನಲ್ಲಿ ನೋಟು ಎಣಿಸಿ, ಯಂತ್ರದಲ್ಲಿ ಪರೀಕ್ಷಿಸಿ, ಅಲ್ಲೇ ಜಮಾ ಮಾಡಿದರೆ ಖೋಟಾ ನೋಟಿನ ಭಯವೂ ಇಲ್ಲ, ಹಣದೊಡನೆ ಮನೆಗೆ ಬರುವ ಭಯವೂ ಇಲ್ಲ. ಆದರೆ ನಗದಿಗೆ ಕಾನೂನಿನ ಮಿತಿ ಇರುವುದನ್ನು ಮರೆಯಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಕಾಯ್ದೆಯ ಪ್ರಕಾರ ಗುಜರಿ ಲೋಹಕ್ಕೆ ನಗದು ಕೊಡುವಂತೆಯೇ ಇಲ್ಲ. ಭಾರತದಲ್ಲಿ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವರಿಗೆ, ಅಂದರೆ ಮಾರಿದವರಿಗೆ. ಬ್ಯಾಂಕ್ ವರ್ಗಾವಣೆಯಾದರೆ ಖರೀದಿದಾರನ ಫೋನಿನ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯಲ್ಲೇ ನೋಡಿ.

9. ಕಾಗದ, ಅದರಲ್ಲೂ ಖಾಲಿ ಸಹಿ

ಮಾರಾಟ ಪತ್ರ ಎರಡು ಪ್ರತಿ ಇರಲಿ. ಇಬ್ಬರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ನೋಂದಣಿ ಸಂಖ್ಯೆ, ಚಾಸಿ ಮತ್ತು ಎಂಜಿನ್ ನಂಬರ್, ಕಿ.ಮೀ., ಜಖಂಗಳ ಪಟ್ಟಿ, ‘ಇದ್ದಲ್ಲಿ ಇದ್ದ ಹಾಗೆ ಮಾರಲಾಗಿದೆ’ ಎಂಬ ವಾಕ್ಯ, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ. ದಿನಾಂಕದ ಪಕ್ಕದಲ್ಲಿ ಗಂಟೆ, ನಿಮಿಷವನ್ನೂ ಬರೆಯಿರಿ. ಮಧ್ಯಾಹ್ನ ಕೊಟ್ಟ ಕಾರು ಅದೇ ಸಂಜೆ ಯಾರಿಗಾದರೂ ಗುದ್ದಿದರೆ ಆ ಗಂಟೆಯೇ ನಿಮ್ಮನ್ನು ಕಾಯುತ್ತದೆ.

ವರ್ಗಾವಣೆಯ ಅರ್ಜಿಗೆ ಖಾಲಿ ಸಹಿ ಮಾಡಿ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ‘ಹೆಸರು ಆಮೇಲೆ ತುಂಬ್ಕೋತೀವಿ ಬಿಡಿ ಸರ್’ ಎನ್ನುವ ಬ್ರೋಕರ್ ಬಹುಪಾಲು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಿಲ್ಲ, ರಿಪೇರಿ ಮಾಡಿ ಮೂರನೆಯವರಿಗೆ ಮಾರುವವರೆಗೆ ಕಾರು ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತದೆ. ದಂಡದ ನೋಟಿಸ್, ಟೋಲ್ ಬಾಕಿ, ಅಪಘಾತದ ಪರಿಹಾರ ಎಲ್ಲವೂ ನಿಮ್ಮ ಮನೆಬಾಗಿಲಿಗೆ. ಕೊಳ್ಳುವವನ ಹೆಸರು, ದಿನಾಂಕ ನಿಮ್ಮೆದುರೇ ತುಂಬಿಸಿ ಫೋಟೊ ತೆಗೆದುಕೊಳ್ಳಿ. ನೋಂದಣಿ ಕಚೇರಿಗೆ ಮಾರಾಟದ ಮಾಹಿತಿಯನ್ನು ನೀವೇ ಅಂದೇ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಖರೀದಿದಾರ ಮಾಡಿಸುತ್ತಾನೆ ಎಂದು ಕೂರಬೇಡಿ. ನಂಬರ್ ಪ್ಲೇಟ್ ನಿಮ್ಮ ಬಳಿ ಉಳಿಯಬೇಕೋ ಕಾರಿನೊಡನೆ ಹೋಗಬೇಕೋ ಎಂಬ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ಅದನ್ನೂ ಅದೇ ಕಚೇರಿಯಲ್ಲಿ ಕೇಳಿ. ಕಾರು ಗುಜರಿಗೆ ಹೋಗುವುದಾದರೆ ಅದನ್ನು ಒಡೆದದ್ದಕ್ಕೆ ಪ್ರಮಾಣಪತ್ರ ಕೇಳಿ. ಅದು ಕೊಡಲು ಆಗದ ಅಂಗಡಿ ಎಂದರೆ ಆ ಕೆಲಸಕ್ಕೆ ಪರವಾನಗಿ ಇಲ್ಲ ಎಂದೇ ಬಹುತೇಕ ಅರ್ಥ.

ವಿಮೆಯನ್ನು ರದ್ದು ಮಾಡಿಸುವುದು ಕೊನೆಗೆ, ಮಾರಾಟದ ಸ್ವೀಕೃತಿ ಸಿಕ್ಕಮೇಲೆ. ಉಳಿದ ಅವಧಿಯ ಪ್ರೀಮಿಯಂ ವಾಪಸು ಬರುತ್ತದೆಯೇ, ನೋ ಕ್ಲೇಮ್ ಬೋನಸನ್ನು (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮುಂದಿನ ಕಾರಿಗೆ ಒಯ್ಯಬಹುದೇ ಕೇಳಿ; ಕ್ಲೇಮ್ ಮಾಡದೆ ಮಾರಿದವರಿಗೆ ಇದು ಸಣ್ಣ ಮೊತ್ತವಲ್ಲ. ಒಂದು ತಿಂಗಳ ನಂತರ ನೋಂದಣಿ ದಾಖಲೆಯಲ್ಲಿ ಒಮ್ಮೆ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ ಮಾರಾಟ ಪತ್ರ ಮತ್ತು ಸ್ವೀಕೃತಿಯ ನಕಲು ಲಗತ್ತಿಸಿ ಕಚೇರಿಗೆ ಲಿಖಿತ ಅರ್ಜಿ ಕೊಡಿ.